ಒಳಗೆ ಬಿಟ್ಟ ಬಟ್ಟೆ

ಜೂನ್ 9

ತಂಗಿ,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ತಡವಾಯಿತೆಂದು ಬೈಯುವುದಾದರೆ ಬೈ, ಓದಿಕೊಂಡು ಸುಖಪಡುತ್ತೇನೆ. ನ್ಯಾಯಾಧೀಶನಾದ ಮೇಲೆ ನನ್ನನ್ನು ಬೈಯುವವರೇ ಇಲ್ಲ. ನಾನು ಒಳಗೆ ಬಂದರೆ ಎಲ್ಲರೂ ಎದ್ದು ನಿಲ್ಲುತ್ತಾರೆ. ನಿನ್ನ ಅತ್ತಿಗೆ ಹೋದ ಮೇಲೆ ಮನೆಯಲ್ಲೂ "ಓದಿದ್ದು ಸಾಕು, ದೀಪ ಆರಿಸ್ರೀ" ಎನ್ನುವ ದನಿಯಿಲ್ಲ.

ನನ್ನ ಕೋಣೆ ಮೂರನೇ ಮಹಡಿಯಲ್ಲಿದೆ. ಕಿಟಕಿಯ ಒಂದು ಬಾಗಿಲು ನಿಲ್ಲುವುದಿಲ್ಲ, ಅದಕ್ಕೆ ಕಾಗದ ಮಡಿಸಿ ಸಿಕ್ಕಿಸಿದ್ದಾರೆ. ದೇಶದ ದೊಡ್ಡ ನ್ಯಾಯಾಲಯವೂ ಮಡಿಸಿದ ಕಾಗದದ ಆಸರೆಯಲ್ಲೇ ಇದೆ ಎಂದು ಅಂಗಡಿಗೆ ಬರುವವರಿಗೆಲ್ಲ ಹೇಳಿ ನಗಿಸು.

ಸೂಜಿ ಹೇಗಿದ್ದಾಳೆ? ಪಕ್ಕದ ಮನೆಯಾಕೆ ತೀರಿಕೊಂಡ ದಿನ ನೀನು ಎತ್ತಿಕೊಂಡು ಬಂದ ಕೂಸಿಗೆ ಈಗ ಹನ್ನೊಂದು ವರ್ಷ ಎಂದರೆ ನಂಬಿಕೆಯಾಗದು. ಆ ಹೆಸರು ಇಟ್ಟವನು ನಾನೇ. ಕಡ್ಡಿಯಂತಹ ಮೈ, ಚುಚ್ಚುವಂತಹ ಪ್ರಶ್ನೆ. ದತ್ತು ಪಡೆದ ಕಾಗದಪತ್ರವೆಲ್ಲ ಆಯಿತೆಂದು ನೀನು ಅಂದೇ ಬರೆದಿದ್ದೆ. ಒಳ್ಳೆಯದಾಯಿತು.

ಈಗ ಒಂದು ಪ್ರಶ್ನೆ. ಚಿಕ್ಕಂದಿನಿಂದ ನನ್ನ ಕಷ್ಟದ ಲೆಕ್ಕವನ್ನೆಲ್ಲ ನಿನಗೆ ಒಪ್ಪಿಸಿಯೇ ಬಿಡಿಸಿದವನು ನಾನು. ನನ್ನ ಮುಂದಿರುವ ಕೇಸಿನ ಬಗ್ಗೆ ಯಾರಿಗೂ ಬರೆಯುವಂತಿಲ್ಲ, ಬರೆಯುವುದೂ ಇಲ್ಲ. ಆದರೆ ಹೊಲಿಗೆಯ ಬಗ್ಗೆ ಕೇಳಬಾರದೆಂದು ಯಾವ ಕಾನೂನಿನಲ್ಲೂ ಇಲ್ಲ. ಮಕ್ಕಳ ಅಂಗಿ ಹೊಲಿಯುವಾಗ ಅಪ್ಪ ಹೊಲಿಗೆಯ ಒಳಗೆ ಹೆಚ್ಚು ಬಟ್ಟೆ ಬಿಡುತ್ತಿದ್ದರಲ್ಲ, ಮಗು ಬೆಳೆದಾಗ ಬಿಚ್ಚಿ ಅಗಲ ಮಾಡಲಿ ಎಂದು. ಬಿಟ್ಟದ್ದನ್ನೆಲ್ಲ ಬಿಚ್ಚಿದ ಮೇಲೂ ಸಾಲದಿದ್ದರೆ ಏನು ಮಾಡುತ್ತಿದ್ದರು? ನಾನು ಮೂಲೆಯಲ್ಲಿ ಓದುತ್ತಿದ್ದೆ, ನೀನು ಅವರ ಮಗ್ಗುಲಲ್ಲಿ ಕೂತಿರುತ್ತಿದ್ದೆ. ನಿನಗೆ ಗೊತ್ತಿರುತ್ತದೆ.

ಸಂವಿಧಾನ ಬರೆದ ಹಿರಿಯರೂ ಒಂದು ರೀತಿಯಲ್ಲಿ ಹೊಲಿದವರೇ. ಅವರು ಅಳತೆ ತೆಗೆದುಕೊಂಡಾಗ ಇದ್ದ ಮೈ ಈಗಿಲ್ಲ. ಒಳಗೆ ಎಷ್ಟು ಬಟ್ಟೆ ಬಿಟ್ಟಿದ್ದಾರೆಂದು ನೋಡುವುದು ನಮ್ಮ ಪಾಲಿನ ಕೆಲಸ. ಕಾನೂನಿನ ಮಾತು ಹಿಗ್ಗಿಸುವವರ ಕೈಗೆ ಸಿಕ್ಕರೆ ಏನಾಗುತ್ತದೆಂದು ನಮ್ಮ ಮನೆಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮುಷ್ಕರದವರಿಗೆ ಬಾವುಟ ಹೊಲಿದುಕೊಟ್ಟರೆಂದು ಅಪ್ಪನನ್ನು ಒಳಗೆ ಹಾಕಿದಾಗ, ಬಾವುಟದ ಕೋಲೂ ಆಯುಧವೇ ಎಂದು ಬರೆದವನೂ ನನ್ನಂತಹ ಒಬ್ಬ ನ್ಯಾಯಾಧೀಶನೇ.

ನಿನ್ನ ಅಣ್ಣ


ಜೂನ್ 17

ಅಣ್ಣ,

ಈ ಕಾಗದವನ್ನು ಕಳಿಸುವುದಿಲ್ಲವೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಬರೆದು ಮಷೀನಿನ ಪೆಟ್ಟಿಗೆಯಲ್ಲಿ ಇಡುತ್ತೇನೆ. ಹೇಳದೆ ಇದ್ದರೆ ಹೊಟ್ಟೆ ಉಬ್ಬುತ್ತದೆ, ಹೇಳಿದರೆ ಎಲ್ಲ ಕೆಡುತ್ತದೆ.

ದತ್ತಿನ ಕಾಗದ ಆಗಿಲ್ಲ. ಮದುವೆಯಾಗದ ಹೆಂಗಸಿಗೆ ಕೊಡುವುದಿಲ್ಲವೆಂದು ಕಚೇರಿಯಲ್ಲಿ ಅಂದೇ ಹೇಳಿದ್ದರು. ನಿನಗೆ ಬರೆದರೆ ನೀನು ಯಾರಿಗಾದರೂ ಒಂದು ಮಾತು ಹೇಳಬೇಕಾಗುತ್ತಿತ್ತು. ಹೇಳಿದರೆ ನಿನಗೆ ಅವಮಾನ, ಹೇಳದಿದ್ದರೆ ನಿನಗೆ ಸಂಕಟ. ಅದಕ್ಕೇ ಆಯಿತು ಎಂದು ಬರೆದುಬಿಟ್ಟೆ. ಯಾರೂ ಕೇಳಲೂ ಇಲ್ಲ, ಇಷ್ಟು ವರ್ಷ.

ಹೋದ ವರ್ಷ ಮಕ್ಕಳ ಇಲಾಖೆಯವರು ಹೊಸ ನಿಯಮ ತಂದರು. ರಕ್ತಸಂಬಂಧವೂ ದತ್ತಿನ ಕಾಗದವೂ ಇಲ್ಲದ ಮನೆಯಲ್ಲಿರುವ ಮಕ್ಕಳನ್ನು ಸಂಬಂಧಿಕರಿಗೆ ಒಪ್ಪಿಸಬೇಕಂತೆ, ಅವರು ಸಿಗದಿದ್ದರೆ ಸರ್ಕಾರದ ಹಾಸ್ಟೆಲಿಗಂತೆ. ಇಲಾಖೆಯ ಹೆಂಗಸು ಬಂದು ಅಡುಗೆಮನೆ, ಹಾಸಿಗೆ, ಬಚ್ಚಲು ಎಲ್ಲ ನೋಡಿದಳು. ಆಮೇಲೆ ಸೂಜಿಯನ್ನು ಕೇಳಿದಳು, "ಇವರು ನಿನಗೆ ಏನಾಗಬೇಕು?"

ಸೂಜಿ ಹೇಳಿದಳು, "ಅಮ್ಮ ಆಗಬೇಕು. ಆಗಿಬಿಟ್ಟಿದ್ದಾರಲ್ಲ."

ಆ ಹೆಂಗಸಿಗೂ ನಗು ಬಂತು. ನಕ್ಕುಕೊಂಡೇ ಬರೆದುಕೊಂಡಳು, ಸಂಬಂಧ ಇಲ್ಲ ಅಂತ.

ನನ್ನಂತಹ ಏಳು ಜನ ಸೇರಿ ಅರ್ಜಿ ಹಾಕಿದ್ದೇವೆ. ಯಾವ ಮಗುವನ್ನೂ ಅದರ ಮನೆಯವರಿಂದ ಸರ್ಕಾರ ಅಗಲಿಸತಕ್ಕದ್ದಲ್ಲ ಎಂದು ನಿಮ್ಮ ಸಂವಿಧಾನದಲ್ಲಿ ಇದೆಯಲ್ಲ, ಅದರ ಮೇಲೆ. ಮಕ್ಕಳ ಕೇಸು ಅಂತ ನಮ್ಮ ಹೆಸರುಗಳನ್ನು ಮುಚ್ಚಿದ ಲಕೋಟೆಯಲ್ಲಿ ಇಟ್ಟಿದ್ದಾರೆ, ನ್ಯಾಯಾಧೀಶರೂ ತೆರೆಯುವುದಿಲ್ಲವಂತೆ. ನಿನ್ನ ಮುಂದಿರುವ ಕಡತದಲ್ಲಿ ನಾಲ್ಕನೇ ಅರ್ಜಿದಾರಳು ಅಂತ ಇದೆಯಲ್ಲ, ಅದು ನಾನು.

ಐವರ ಪೀಠದ ಹೆಸರುಗಳನ್ನು ವಕೀಲಮ್ಮ ಓದಿ ಹೇಳಿದಾಗ ಕೈಯಲ್ಲಿದ್ದ ಕತ್ತರಿ ಕೆಳಗೆ ಬಿತ್ತು. ನೀನು ನನ್ನ ಅಣ್ಣ ಎಂದು ಹೇಳಲಿಲ್ಲ. ನಿನ್ನ ಬಗ್ಗೆ ಅವರು ಅಂದರು, "ಅವರು ಗಟ್ಟಿ ಮನುಷ್ಯ. ಅಕ್ಷರ ಬಿಟ್ಟು ಆಚೆ ಈಚೆ ಹೋಗಲ್ಲ. ಆದರೆ ಮೋಸ ಮಾಡೋರಲ್ಲ." ನನಗೆ ಅಷ್ಟೇ ಸಾಕಾಯಿತು. ನಾನು ಹೇಳಿದರೆ ನೀನು ಆ ಪೀಠದಿಂದ ಎದ್ದು ಹೋಗಬೇಕು. ಐದು ಜನರಲ್ಲಿ ನಾನು ಕಣ್ಣು ಮುಚ್ಚಿ ನಂಬುವವನು ಒಬ್ಬನೇ. ಅವನನ್ನೇ ಎಬ್ಬಿಸಿ ಕಳಿಸಲಾ?

ಹೇಳದೆ ಇರುವುದೂ ಸರಿಯಲ್ಲ ಅಂತ ಗೊತ್ತು. ಅದಕ್ಕೇ ಒಂದು ಮಾತನ್ನೂ ನನ್ನ ಕಡೆಗೆ ವಾಲಿಸಿ ಬರೆಯಬಾರದು ಅಂತ ಆಣೆ ಹಾಕಿಕೊಂಡಿದ್ದೇನೆ. ನೀನು ಕೇಳಿದ ಪ್ರಶ್ನೆಗೆ ಪೂರಾ ಉತ್ತರ ಕೊಟ್ಟರೆ ನನ್ನ ತಕ್ಕಡಿಗೆ ನಾನೇ ಕಲ್ಲು ಹಾಕಿದಂತೆ. ಅರ್ಧ ಬರೆಯುತ್ತೇನೆ. ಉಳಿದದ್ದು ನಿನಗೇ ಹೊಳೆಯುತ್ತದೆ.


ಜೂನ್ 20

ಅಣ್ಣನಿಗೆ,

ನಾವು ಚೆನ್ನಾಗಿದ್ದೇವೆ. ಶಾಲೆ ಶುರುವಾಯಿತು, ಯೂನಿಫಾರ್ಮಿನ ರಾಶಿ ಬಂದು ಬಿದ್ದಿದೆ. ಹೋದ ವರ್ಷದ ಮಕ್ಕಳೆಲ್ಲ ಈ ವರ್ಷ ಬಿದಿರಿನ ಹಾಗೆ ಎದ್ದಿದ್ದಾರೆ. ಸೂಜಿ ಕಾಜಾ ಹಾಕಲು ಕಲಿತಿದ್ದಾಳೆ. ನಿನ್ನ ಹಾಗಲ್ಲ, ನೀನು ಕಾಜಾ ಹಾಕಿದ ಅಂಗಿಗೆ ಗುಂಡಿ ತೂರಿಸಲು ಇಬ್ಬರು ಬೇಕಾಗುತ್ತಿತ್ತು.

ನಿನ್ನ ಪ್ರಶ್ನೆ. ಒಳಗೆ ಬಿಟ್ಟ ಬಟ್ಟೆ ಎಷ್ಟಿದೆಯೋ ಅಷ್ಟನ್ನೇ ಬಿಚ್ಚಬೇಕು. ಅದಕ್ಕಿಂತ ಎಳೆದರೆ ಹೊಲಿಗೆ ಪಿಸಿಯುತ್ತದೆ. ಬೇರೆ ಬಟ್ಟೆ ತಂದು ಸೇರಿಸಿದರೆ ಅದು ಬೇರೆ ಅಂಗಿ. ಅಪ್ಪ ಹೇಳುತ್ತಿದ್ದದ್ದು ಇದೇ.

ಹೊಲಿದವರು ಏನು ಇಟ್ಟಿದ್ದಾರೋ ಅದನ್ನು ನೋಡಿ ಮಾಡು.

ತಂಗಿ


ಜುಲೈ 2

ತಂಗಿ,

ನಿನ್ನ ಕಾಗದ ಓದಿ ತಲೆಯ ಮೇಲಿನ ಮೂಟೆ ಇಳಿಸಿದಂತಾಯಿತು. ಎರಡು ವಾರದಿಂದ ದೊಡ್ಡ ದೊಡ್ಡ ವಕೀಲರ ಮಾತು ಕೇಳಿದ್ದೇನೆ. ಯಾರೂ ಇಷ್ಟು ನೇರವಾಗಿ ಹೇಳಿರಲಿಲ್ಲ.

ನಿನ್ನ ಉತ್ತರ ಬೇರೆ ರೀತಿ ಇರಬಹುದೆಂದು ಅಂದುಕೊಂಡಿದ್ದೆ, ಯಾಕೋ ಗೊತ್ತಿಲ್ಲ. ನಿನ್ನದು ಮೆತ್ತನೆ ಮನಸ್ಸು. ನೀನೇ ಇಷ್ಟು ಗಟ್ಟಿಯಾಗಿ ಬರೆದಮೇಲೆ ನನ್ನ ಅನುಮಾನಕ್ಕೆ ಜಾಗವಿಲ್ಲ.

ಹಿರಿಯರ ಸಭೆಯಲ್ಲಿ ನಡೆದ ಮಾತುಕತೆಯನ್ನು ಅಚ್ಚು ಮಾಡಿಟ್ಟಿದ್ದಾರೆ. ಅದನ್ನು ಈಗ ಮತ್ತೆ ಓದುತ್ತಿದ್ದೇನೆ. ಒಂದು ಕಡೆ ಒಬ್ಬ ಸದಸ್ಯ ಕೇಳುತ್ತಾನೆ, ಈ ಮಾತಿನಲ್ಲಿ ಯಾರು ಯಾರು ಸೇರುತ್ತಾರೆ ಅಂತ. ಇನ್ನೊಬ್ಬ ಹೇಳುತ್ತಾನೆ, ಅದು ಎಲ್ಲರಿಗೂ ಗೊತ್ತಿರುವುದೇ ತಾನೆ, ರಕ್ತ ಮತ್ತು ಮದುವೆ. ಯಾರೂ ಎದುರಾಡಲಿಲ್ಲ. ಸಭೆ ಊಟಕ್ಕೆ ಎದ್ದಿತು. ದೇಶದ ಮಾತುಗಳು ಹೀಗೆ ಊಟದ ಹೊತ್ತಿಗೆ ನಿಂತುಬಿಡುತ್ತವೆ, ನಾವು ಆಮೇಲೆ ಅವುಗಳ ಮುಂದೆ ಕೈಕಟ್ಟಿ ನಿಲ್ಲಬೇಕು.

ಇಷ್ಟೂ ಬರೆಯಬಾರದಿತ್ತು. ಮರೆತುಬಿಡು. ಸೂಜಿಗೆ ಬಣ್ಣದ ಪೆನ್ಸಿಲ್ ಕಳಿಸಿದ್ದೇನೆ, ತಲುಪಿತೇ?

ಅಣ್ಣ


ಜುಲೈ 15

ಅಣ್ಣನಿಗೆ,

ಪೆನ್ಸಿಲ್ ತಲುಪಿತು. ನನಗೆ ಸ್ವಲ್ಪ ಜ್ವರ, ಈಗ ಕಮ್ಮಿಯಾಗಿದೆ. ಹೆಚ್ಚು ಬರೆಯಲು ಕೂರಲಾರೆ. ಸೂಜಿ ಎರಡು ಸಾಲು ಬರೆಯುತ್ತೇನೆ ಅನ್ನುತ್ತಾಳೆ.

ಮಾವ, ಪೆನ್ಸಿಲ್ ಚೆನ್ನಾಗಿದೆ. ಹಸಿರು ಮುರಿದಿತ್ತು ಆದರೂ ಪರವಾಗಿಲ್ಲ. ನಿಮ್ಮ ಹತ್ರ ದೇಶದ ದೊಡ್ಡ ಪುಸ್ತಕ ಇದೆ ಅಂತ ಅಮ್ಮ ಹೇಳಿದರು. ಅದರಲ್ಲಿ ನಾನು ಇದ್ದೀನಾ? ನೋಡಿ ಹೇಳಿ.


ಜುಲೈ 28

ಸೂಜಿ ಮರಿಗೆ,

ನಿನ್ನ ಪ್ರಶ್ನೆ ನಮ್ಮ ವಕೀಲರ ಪ್ರಶ್ನೆಗಳಿಗಿಂತ ಚೆನ್ನಾಗಿದೆ. ಶಾಲೆಯಲ್ಲಿ ಸಂವಿಧಾನದ ಪಾಠ ಶುರುವಾಗಿರಬೇಕು. ಪುಸ್ತಕ ನೋಡಿದೆ. ನೀನು ಇದ್ದೀಯ. ಮೊದಲ ಪುಟದಲ್ಲೇ ಇದ್ದೀಯ. ಎಲ್ಲರೂ ಇದ್ದಾರೆ, ಯಾರನ್ನೂ ಬಿಟ್ಟಿಲ್ಲ.

ಅಮ್ಮನಿಗೆ ಕಷಾಯ ಮಾಡಿಕೊಡು. ಜ್ವರ ಅಂದರೂ ಮಷೀನು ಬಿಟ್ಟು ಏಳುವವಳಲ್ಲ ಅವಳು.

ಮಾವ


ಆಗಸ್ಟ್ 22

ತಂಗಿ,

ಕೇಸು ಮುಗಿಯಿತು. ಈಗ ಬರೆಯಬಹುದು. ಪೇಪರಿನಲ್ಲಿ ಓದಿರುತ್ತೀಯ. ಮೂವರು ಒಂದು ಕಡೆ, ಇಬ್ಬರು ಒಂದು ಕಡೆ. ಕೊನೆಯ ದಿನದವರೆಗೂ ಎರಡೆರಡೇ ಇತ್ತು. ಐದನೆಯವನು ನಾನು.

ದತ್ತಿನ ಕಾಗದವಿಲ್ಲದೆ ಸಾಕುವುದಕ್ಕೆ ತಂದ ಮಕ್ಕಳನ್ನು ಸಾಕಿದವರ ಬಳಿಯೇ ಬಿಡಬೇಕೆಂದು ಕೇಳಿದ್ದರು. ನಾನು ಅವರ ವಿರುದ್ಧ ಬರೆದೆ. ಬಯಕೆ ಒಳ್ಳೆಯದೇ, ಆದರೆ ‘ಮನೆಯವರು’ ಎಂಬ ಆ ಮಾತಿನಲ್ಲಿ ಅವರಿಗೆ ಜಾಗವಿಲ್ಲ. ಜಾಗ ಮಾಡಿಕೊಡುವುದು ಜನ ಆರಿಸಿ ಕಳಿಸಿದವರ ಕೆಲಸ, ನಮ್ಮದಲ್ಲ ಎಂದೆ. ಇಂದು ಒಳ್ಳೆಯದಕ್ಕೆಂದು ಹಿಗ್ಗಿಸಿದ ಮಾತು ನಾಳೆ ಬಾವುಟದ ಕೋಲಿನ ತನಕ ಹಿಗ್ಗುತ್ತದೆ. ಮಕ್ಕಳನ್ನು ಕಳಿಸುವಾಗ ಇಲಾಖೆ ನಿಧಾನವಾಗಿ, ಮೆತ್ತಗೆ ನಡೆದುಕೊಳ್ಳಬೇಕೆಂದೂ ಸೇರಿಸಿದ್ದೇನೆ.

ಒಂದು ವಿಷಯ ಹೇಳಿದರೆ ನಿನಗೆ ಸಂತೋಷವಾಗಬಹುದು. ತೀರ್ಪಿನಲ್ಲಿ ನಿನ್ನ ಮಾತಿದೆ. ನಾನು ದರ್ಜಿಯ ಮಗ, ಹೊಲಿದವರು ಒಳಗೆ ಬಿಟ್ಟಷ್ಟನ್ನು ಬಿಚ್ಚಬಹುದು, ಬೇರೆ ಬಟ್ಟೆ ಸೇರಿಸಿದರೆ ಅದು ಬೇರೆ ಅಂಗಿ ಎಂದು ಬರೆದಿದ್ದೇನೆ. ಇಲ್ಲಿ ಎಲ್ಲರೂ ಆ ಸಾಲನ್ನೇ ಹೇಳುತ್ತಿದ್ದಾರೆ. ಅಪ್ಪ ಇದ್ದಿದ್ದರೆ ಕನ್ನಡಕ ಮೇಲೆತ್ತಿ ಇನ್ನೊಂದು ಸಲ ಓದಿಸುತ್ತಿದ್ದರು.

ಯಾಕೋ ಊಟ ಸೇರುತ್ತಿಲ್ಲ. ಕೆಲಸ ಮುಗಿದ ಆಯಾಸ ಇರಬೇಕು. ಬರೆ.

ಅಣ್ಣ


ಸೆಪ್ಟೆಂಬರ್ 19

ತಂಗಿ,

ಕಾಗದ ಇಲ್ಲ. ಆ ಜ್ವರ ಇನ್ನೂ ಬಿಟ್ಟಿಲ್ಲವೇ? ಅಂಗಡಿಯ ಫೋನು ಎತ್ತುತ್ತಿಲ್ಲ. ಸೂಜಿಯಿಂದಲಾದರೂ ಎರಡು ಸಾಲು ಬರೆಸು.


ಅಕ್ಟೋಬರ್ 6

ತಂಗಿ,

ನಿನ್ನ ಬೀದಿಯ ಔಷಧಿ ಅಂಗಡಿಗೆ ಫೋನು ಮಾಡಿದ್ದೆ. "ಅವರು ಚೆನ್ನಾಗಿದಾರೆ ಸಾರ್, ಅಂಗಡಿ ತೆಗೀತಾರೆ, ಹಾಕ್ತಾರೆ" ಎಂದು ಆತ ಅಂದ. "ಹುಡುಗಿ?" ಎಂದು ಕೇಳಿದೆ. "ಅದನ್ನ ಅವರನ್ನೇ ಕೇಳಿ ಸಾರ್" ಎಂದು ಫೋನು ಇಟ್ಟುಬಿಟ್ಟ.

ನನಗೆ ಭಯವಾಗುತ್ತಿದೆ. ಬರೆ.


ಅಕ್ಟೋಬರ್ 14

ಅಣ್ಣ,

ಜೂನಿನಲ್ಲಿ ಬರೆದು ಕಳಿಸದೆ ಇಟ್ಟ ಕಾಗದ ಇದರ ಜೊತೆಗಿದೆ. ಮೊದಲು ಅದನ್ನು ಓದು. ಓದಿ ಸ್ವಲ್ಪ ಕೂತುಕೋ. ಆಮೇಲೆ ಇದನ್ನು ಓದು.

ಸೂಜಿಯನ್ನು ಹೋದ ತಿಂಗಳು ಕರೆದುಕೊಂಡು ಹೋದರು. ಅವಳ ದೊಡ್ಡಪ್ಪ ಬಂದಿದ್ದ. ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದಾನಂತೆ, ದೂರದ ಊರು. ಕೆಟ್ಟವನಲ್ಲ. ಕೈ ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯದೆ ಬಾಗಿಲಲ್ಲೇ ನಿಂತಿದ್ದ. "ತೀರಿಹೋದ ತಮ್ಮನಿಗೆ ಮಗಳಿದಾಳೆ ಅನ್ನೋದೇ ಇಲಾಖೆಯವರು ಹೇಳಿದ ಮೇಲೆ ಗೊತ್ತಾಗಿದ್ದು ಅಮ್ಮಾ. ಬೇಡ ಅನ್ನೋದಕ್ಕೆ ಆಗುತ್ತಾ ಹೇಳಿ" ಅಂದ. ಅವನ ಅಂಗಿಯ ಒಂದು ಗುಂಡಿ ಹೋಗಿತ್ತು. ಕೂರಿಸಿ ಹಾಕಿಕೊಟ್ಟೆ. ಏನು ಮಾಡಬೇಕೆಂದು ನನಗೂ ತಿಳಿಯಲಿಲ್ಲ.

ಸೂಜಿ ಅಳಲಿಲ್ಲ. ಪೆನ್ಸಿಲ್ ಡಬ್ಬಿ ಹಿಡಿದುಕೊಂಡು ಒಂದೇ ಮಾತು ಕೇಳಿದಳು. "ಪುಸ್ತಕದಲ್ಲಿ ನಾನಿದ್ದೀನಿ ಅಂತ ಮಾವ ಬರೆದಿದ್ರಲ್ಲ. ಸುಳ್ಳು ಹೇಳಿದ್ರಾ?"

"ಇಲ್ಲ ಕಣೇ. ಮಾವ ಸುಳ್ಳು ಹೇಳೋರಲ್ಲ" ಅಂದೆ.

"ಹಾಗಾದ್ರೆ ಇಲಾಖೆಯವರು ಪುಸ್ತಕ ನೋಡಿಲ್ಲ" ಅಂದಳು.

ನಾನು ಹೂಂ ಅಂದುಬಿಟ್ಟೆ. ಅದನ್ನು ನೀನು ಕ್ಷಮಿಸಬೇಕು.

ಹೊಸ ಮನೆಗೆ ಒಗ್ಗಿಕೊಳ್ಳಲಿ ಅಂತ ಒಂದು ವರ್ಷ ನಾನು ಕಾಗದ ಬರೆಯಬಾರದಂತೆ, ಹೋಗಿ ನೋಡಬಾರದಂತೆ. ನಿಧಾನವಾಗಿ, ಮೆತ್ತಗೆ ಅಂದರೆ ಅದಂತೆ.

ನಿನ್ನನ್ನು ದೂರುವುದಕ್ಕೆ ಬರೆಯುತ್ತಿಲ್ಲ. ನೀನು ಕೇಳಿದೆ, ನಾನು ಅರ್ಧ ಹೇಳಿದೆ. ಉಳಿದರ್ಧ ಈಗ ಹೇಳುತ್ತೇನೆ, ಕೇಳು. ಒಳಗಿನದೆಲ್ಲ ಬಿಚ್ಚಿ ಮುಗಿದ ಮೇಲೂ ಸಾಲದಿದ್ದರೆ ಅಪ್ಪ ಅಂಗಿಯ ಕೆಳಗಿನ ಮಡಿಕೆಯನ್ನು ಬಿಚ್ಚುತ್ತಿದ್ದರು. ಅಲ್ಲಿಂದ ಒಂದು ಪಟ್ಟಿ ಕತ್ತರಿಸಿ, ಎಲ್ಲಿ ಬಿಗಿಯುತ್ತದೋ ಅಲ್ಲಿ, ಕಂಕುಳಿನ ಕೆಳಗೆ, ಚೌಕನೆಯ ತುಂಡು ಮಾಡಿ ಕೂರಿಸುತ್ತಿದ್ದರು. ಮಗು ಕೈ ಎತ್ತಿದರೂ ಗೊತ್ತಾಗುತ್ತಿರಲಿಲ್ಲ. ಒಂದು ಸಲ ನಾನು, "ಇದು ತೇಪೆ ಅಲ್ಲವಾ ಅಪ್ಪ?" ಅಂದಿದ್ದೆ. "ಬೇರೆ ಬಟ್ಟೆ ಹಾಕಿದರೆ ತೇಪೆ. ಇದು ಆ ಅಂಗೀದೇ ತಾನೆ. ಮೈ ಮುಚ್ಚೋಕೆ ಅಂತ ಹೊಲಿದದ್ದು ಕಣೇ. ಮೈ ಮುಚ್ಚದೆ ಹೋದರೆ ನಾವು ಅಂಗಿಗೇ ಮೋಸ ಮಾಡಿದ ಹಾಗೆ" ಅಂದಿದ್ದರು.

ಇದನ್ನು ಬರೆದರೆ ನಿನ್ನ ಕೈ ಹಿಡಿದು ಎಳೆದಂತಾಗುತ್ತದೆ ಅಂತ ಬಿಟ್ಟೆ. ಅದೇ ಮನೆಯಲ್ಲಿ ಬೆಳೆದವನು, ನಿನಗೇ ನೆನಪಾಗುತ್ತದೆ ಅಂದುಕೊಂಡೆ. ನೀನು ಮೂಲೆಯಲ್ಲಿ ಓದುತ್ತಿದ್ದೆ ಅನ್ನುವುದನ್ನು ಮರೆತೆ.

ಹೋಗುವ ದಿನಕ್ಕೆ ಅವಳಿಗೆ ನೀಲಿ ಫ್ರಾಕು ಹೊಲಿದೆ. ಪಕ್ಕಕ್ಕೆ ನಾಲ್ಕು ಬೆರಳು ಒಳಗೆ ಬಿಟ್ಟಿದ್ದೇನೆ, ಕೆಳಗೆ ಮಡಿಕೆಯಲ್ಲೂ ಅಷ್ಟೇ. ಅಲ್ಲಿ ಯಾರಿಗಾದರೂ ಬಿಚ್ಚಲು ಬಂದರೆ ಎರಡು ವರ್ಷ ನಡೆಯುತ್ತದೆ.

ತಂಗಿ


ಅಕ್ಟೋಬರ್ 21

ತಂಗಿ,

ಮೂರು ಸಲ ಬರೆದು ಹರಿದೆ.

ನೀನು ತಿಳಿದುಕೊಳ್ಳಬೇಕಾದ ಒಂದು ಮಾತಿದೆ. ವಾದ ನಡೆಯುವಾಗ ವಕೀಲೆಯೊಬ್ಬರು ನಾಲ್ಕನೇ ಅರ್ಜಿದಾರಳ ಬಗ್ಗೆ ಹೇಳುತ್ತಿದ್ದರು. ಆಕೆ ದಿನವೂ ಕೆಲಸ ಮಾಡುತ್ತಲೇ ಮಗುವಿಗೆ ಪಾಠ ಓದಿಸುತ್ತಾಳೆ, ತಪ್ಪು ಓದಿದರೆ ತಲೆಯೆತ್ತದೆಯೇ ತಿದ್ದುತ್ತಾಳೆ ಎಂದರು. ಆ ಕ್ಷಣ ನಿನ್ನ ಮುಖ ಕಣ್ಣಿಗೆ ಬಂತು. ನೀನೂ ಸೂಜಿಯೂ ಮಷೀನಿನ ಹತ್ತಿರ ಕೂತಿರುವುದು. ಎದೆ ಕರಗಿತು. ಕರಗಿದ್ದಕ್ಕೇ ನನಗೆ ಹೆದರಿಕೆಯಾಯಿತು. ತಂಗಿಯ ನೆನಪಿನಿಂದ ಆ ಅರ್ಜಿದಾರಳ ಪರ ಬರೆದರೆ ಅದು ಪಕ್ಷಪಾತ, ಮನೆಯ ಮಾತನ್ನು ದೇಶದ ಪುಸ್ತಕಕ್ಕೆ ತುರುಕಿದ ಹಾಗೆ ಎಂದುಕೊಂಡೆ. ಆ ಚಿತ್ರವನ್ನು ಬಲವಂತವಾಗಿ ಆಚೆ ತಳ್ಳಿದೆ. ತಳ್ಳಿದ ಮೇಲೆ ಉಳಿದದ್ದು ರಕ್ತ ಮತ್ತು ಮದುವೆ, ಮತ್ತೆ ನಿನ್ನ ಆ ಅರ್ಧ ಉತ್ತರ.

ಭಿನ್ನವಾಗಿ ಬರೆದ ಆ ಇಬ್ಬರು ಅಪ್ಪ ಮಾಡಿದ್ದನ್ನೇ ಮಾಡಿದ್ದರು. ಪುಸ್ತಕದ ಮೊದಲ ಪುಟದಲ್ಲಿ, ಪ್ರತಿಯೊಬ್ಬರ ಮಾನವನ್ನೂ ಕಾಯುತ್ತೇವೆಂದು ಹಿರಿಯರು ಬರೆದ ಮಾತನ್ನು ತೆಗೆದು, ಬಿಗಿಯುತ್ತಿದ್ದ ಜಾಗಕ್ಕೆ ತಂದು ಕೂರಿಸಿದ್ದರು. ಅದೇ ಪುಸ್ತಕದ್ದು, ಬೇರೆಯದಲ್ಲ. ನಾನು ಅದಕ್ಕೆ ತೇಪೆ ಎಂದು ಹೆಸರಿಟ್ಟೆ. ಆ ಮೊದಲ ಪುಟದಲ್ಲೇ ಸೂಜಿ ಇದ್ದಾಳೆಂದು ಅವಳಿಗೆ ಬರೆದದ್ದೂ ನಾನೇ.

ತೀರ್ಪನ್ನು ಮತ್ತೆ ತೆರೆಯಬೇಕೆಂದು ಪೀಠಕ್ಕೆ ಎಲ್ಲವನ್ನೂ ಬರೆದುಕೊಟ್ಟೆ. ನಿನ್ನ ಹೆಸರು, ನನ್ನ ಕಾಗದಗಳು, ಎಲ್ಲ. ಹಿರಿಯ ನ್ಯಾಯಾಧೀಶರು ಬಾಗಿಲು ಹಾಕಿಕೊಂಡು ಹೇಳಿದರು, "ನಿಮಗೆ ಆಗ ಗೊತ್ತಿರಲಿಲ್ಲ. ನಿಮ್ಮವರಿಗೆ ಲಾಭವೂ ಆಗಿಲ್ಲ. ನಷ್ಟವಾದದ್ದಕ್ಕೆ ತೀರ್ಪು ತೆರೆಯೋ ಪದ್ಧತಿ ನಮ್ಮಲ್ಲಿಲ್ಲ." ಉಳಿದ ಆರು ಮನೆಗಳ ಮಕ್ಕಳೂ ಹೋಗಿದ್ದಾರೆ. ಅವರ ತಾಯಂದಿರಿಗೆ ನನ್ನಂತಹ ಅಣ್ಣನೂ ಇಲ್ಲ, ಬೈಯಲಿಕ್ಕಾದರೂ.

ರಾಜೀನಾಮೆ ಕೊಟ್ಟಿದ್ದೇನೆ. ಅದರಿಂದ ಯಾರ ಮಗುವೂ ಮನೆಗೆ ಬರುವುದಿಲ್ಲ, ಗೊತ್ತು.

ನೀನು ಬೈದು ಬರೆ. ಬೈದೇ ಬರೆ.

ಅಣ್ಣ


ಫೆಬ್ರವರಿ 11

ಅಣ್ಣ,

ಬೈಯಬೇಕೆಂದೇ ನಾಲ್ಕು ತಿಂಗಳು ಕಾಗದ ಎತ್ತಿಟ್ಟಿದ್ದೆ. ಬೈಗುಳ ಕೂಡಿಬರಲಿಲ್ಲ. ನಿನ್ನ ಮೇಲೆ ಎತ್ತಿದ ಮಾತು ಅರ್ಧ ದಾರಿಯಲ್ಲಿ ನನ್ನ ಕಡೆಗೇ ತಿರುಗುತ್ತದೆ. ಇಲ್ಲಿಗೆ ಬಂದುಬಿಡು. ಮುಂದಿನ ಕೋಣೆಯಲ್ಲಿ ಜಾಗವಿದೆ. ಕಾಜಾ ಹಾಕುವವರು ಇಲ್ಲ.

ಹೋದ ವಾರ ಒಂದು ಪಾರ್ಸಲ್ ಬಂತು. ಕಳಿಸಿದವರ ಹೆಸರಿರಲಿಲ್ಲ, ಸೈಕಲ್ ಅಂಗಡಿಯ ಎಣ್ಣೆ ಕೈಯ ಗುರುತು ಮಾತ್ರ ಕಾಗದದ ಮೇಲಿತ್ತು. ಒಳಗೆ ನೀಲಿ ಫ್ರಾಕು. ಒಂದು ಚೀಟಿ. "ಚಿಕ್ಕದಾಗಿದೆ. ಇದೇ ಬೇಕು ಅಂತ ಹಟ ಮಾಡ್ತಾಳೆ. ದೊಡ್ಡದು ಒಂದು ಹೊಲಿದು ಕಳಿಸಿ. ಇಲಾಖೆಗೆ ಹೇಳಬೇಡಿ."

ಫ್ರಾಕನ್ನು ತಿರುವಿ ನೋಡಿದೆ. ಕಂಕುಳಲ್ಲಿ ಪಿಸಿದಿದೆ. ಒಳಗಿನ ಹೊಲಿಗೆಯನ್ನು ಯಾರೂ ಮುಟ್ಟಿಲ್ಲ. ನಾಲ್ಕು ಬೆರಳು ಬಟ್ಟೆ ನಾನು ಇಟ್ಟ ಹಾಗೇ, ಇಸ್ತ್ರಿಯ ಗೆರೆ ಸಮೇತ ಹಾಗೇ ಇದೆ. ಅದು ಅಲ್ಲಿದೆ ಅಂತ ಅವರಿಗೆ ಗೊತ್ತೇ ಇಲ್ಲ. ಹುಡುಗಿ ಅಷ್ಟು ದಿನ ಬಿಗಿ ಬಟ್ಟೆಯಲ್ಲೇ ಓಡಾಡಿದ್ದಾಳೆ.

ಅಳತೆ ಬರೆದಿಲ್ಲ, ನಾನು ಕೇಳುವಂತಿಲ್ಲ. ಎಷ್ಟು ಬೆಳೆದಿದ್ದಾಳೆಂದು ನೋಡದೆ ಅವಳಿಗೆ ಹೊಲಿಯುತ್ತಿರುವುದು ಇದೇ ಮೊದಲು. ಅಂದಾಜಿನ ಮೇಲೆ ಎರಡು ಬೆರಳು ಬಿಚ್ಚಿದೆ. ಕೆಳಗಿನ ಮಡಿಕೆಯಿಂದ ಪಟ್ಟಿ ತೆಗೆದು ಕಂಕುಳಿಗೆ ಚೌಕ ಕೊಟ್ಟೆ. ಸರಿಹೋಗುತ್ತದೋ ಇಲ್ಲವೋ. ಪುಸ್ತಕ ಬರೆದ ನಿನ್ನ ಆ ಹಿರಿಯರ ಮೇಲೆ ನನಗಿದ್ದ ಸಿಟ್ಟು ಕತ್ತರಿ ಹಿಡಿದಾಗ ಸ್ವಲ್ಪ ಇಳಿಯಿತು. ಅವರೂ ಹೀಗೇ ಕೂತಿದ್ದರೇನೋ, ಇನ್ನೂ ಕಾಣದ ಮೈಗೆ ಅಂದಾಜು ಹಾಕುತ್ತಾ.

ಇನ್ನೆರಡು ಬೆರಳು ಒಳಗೆ ಉಳಿಸಿದ್ದೇನೆ. ಈ ಸಲ ಅಲ್ಲಿ ಕೆಂಪು ದಾರದಲ್ಲಿ ದೊಡ್ಡ ದೊಡ್ಡ ಹೊಲಿಗೆ ಹಾಕಿದ್ದೇನೆ, ಕಣ್ಣು ಮಂಜಾದವರಿಗೂ ಕಾಣುವ ಹಾಗೆ. ಇಲ್ಲಿ ಬಿಚ್ಚಿ ಅಂತ.

ತಂಗಿ